ಫ್ರಿಜ್ಜಿನೊಳಗೊಂದು ಚಳಿಗಾಲ

ಮಾರ್ಚ್ ಹತ್ತೊಂಬತ್ತು. ರೀಗಾದಲ್ಲಿ
ದೌಗವಾ ನದಿಯ ಮೇಲೆ ಇನ್ನೂ ಮೀನು ಹಿಡಿಯುವವರು,
ಹಿಮಕ್ಕೆ ತೂತು ಕೊರೆದು, ಅದರೆದುರು ಮಣೆ ಹಾಕಿ,
ಸಾಲ ವಸೂಲಿಗೆ ಬಂದು ಬಾಗಿಲಲ್ಲೇ ಕೂತವರ ಹಾಗೆ.

ನಾನು ಟ್ರಾಮು ಓಡಿಸುವವಳು. ಬೆಳಗಿನ ಪಾಳಿ.
ಡಿಪೋದಲ್ಲಿ ನಿಂತ ಗಾಡಿಯ ಗಾಜಿನ ಮೇಲೆ
ರಾತ್ರಿಯಿಡೀ ಇಬ್ಬನಿ ಹೆಪ್ಪುಗಟ್ಟಿ
ಎಲೆ ಬಿಡಿಸಿರುತ್ತದೆ, ಬಳ್ಳಿ, ಜರಿಗಿಡ, ಗರಿ.
ಹೂವೊಂದು ಬಿಟ್ಟು ಎಲ್ಲ ಬರುತ್ತದೆ ಅದಕ್ಕೆ.
ಉಜ್ಜಿ ತೆಗೆಯುತ್ತೇನೆ.

ಟುಲಿಪ್ ಸಾಲದೇ ನಿನಗೆ, ಅನ್ನುತ್ತಾಳೆ ವೆಲ್ಟಾ.
ನಡುಗಡ್ಡೆಯಲ್ಲಿ ಅವಳ ತುಂಡು ತೋಟದ ಪಕ್ಕ ನನ್ನದು,
ನಡುವೆ ಒಂದು ಕರಂಟ್ ಪೊದೆ.
ಸಾಲುತ್ತದೆ ಮಾರಾಯ್ತಿ. ಟುಲಿಪ್ ಒಳ್ಳೆಯ ಹೂವು,
ಕರೆದರೆ ಬರುತ್ತದೆ, ಕೆಂಪು ಅಂದರೆ ಕೆಂಪು,
ಪೊಟ್ಟಣದ ಮೇಲಿನ ಚಿತ್ರಕ್ಕೆ ಮಾತು ತಪ್ಪುವುದಿಲ್ಲ.
ನನಗೋ, ಮಾತು ತಪ್ಪುವ ಹೂಗಳ ಹುಚ್ಚು.

ಚದುರಂಗದ ಮನೆಗಳನ್ನು ಮೈತುಂಬ ಹೊದ್ದು
ತಲೆ ತಗ್ಗಿಸಿದ ಗಂಟೆಹೂ,
ಯಾರೋ ಸೋಲುವ ಮೊದಲೇ ಮಣೆ ಮಡಚಿಟ್ಟಂತೆ.
ಕಪ್ಪಲ್ಲ, ಹಾಗಂತ ಕಪ್ಪಲ್ಲದ್ದೂ ಅಲ್ಲ,
ಬೀಟ್‌ರೂಟ್ ಬೆಂದ ಪಾತ್ರೆಯ ತಳದಂಥ ಹೆಲೆಬೋರ್.
ಮಳೆ ಬಿದ್ದರೆ ಗಾಜಾಗುವ ಬಿಳಿ ಹೂವೊಂದಿದೆಯಂತೆ;
ಒಣಗಿದರೆ ಮತ್ತೆ ಬಿಳಿ,
ಏನೂ ನಡೆದೇ ಇಲ್ಲವೆಂಬಂತೆ.
ಆಮೇಲೆ ನೀಲಿ ಗಸಗಸೆ. ಹಿಮಾಲಯದ್ದು.
ಅದರ ಹೆಸರೆತ್ತಿದರೆ
ಇಂದುಲಿಸ್ ಉಣ್ಣುವ ಚಮಚ ಕೆಳಗಿಡುತ್ತಾನೆ.

ಮೂರು ವರ್ಷ ಬಿತ್ತಿದ್ದೇನೆ.
ಮೊದಲ ವರ್ಷ ಏಳಲೇ ಇಲ್ಲ.
ಮರುವರ್ಷ ಎದ್ದಿತು, ಎರಡೆಲೆ ತೆರೆದು
ಸುತ್ತ ಒಮ್ಮೆ ನೋಡಿ, ಬೇಡವೆನಿಸಿರಬೇಕು.
ಮೂರನೆಯದನ್ನು ಬಸವನಹುಳು ತಿಂದಿತು.
ಅಷ್ಟು ನೀಲಿ ತಿಂದೂ ಹುಳ ಬೂದಿಬಣ್ಣದ್ದೇ.

ಅಮ್ಮನ ತೋಟದಲ್ಲಿ ತಿನ್ನುವುದಷ್ಟೇ ಬೆಳೆಯುತ್ತಿತ್ತು:
ಆಲೂಗಡ್ಡೆ, ಕೋಸು, ಸಬ್ಬಸಿಗೆ.
ಹೂ ಕೇಳಿದರೆ, ಆಲೂಗಡ್ಡೆಯೂ ಹೂ ಬಿಡುತ್ತದಲ್ಲ, ನೋಡು.
ನೋಡಿದೆ. ನೇರಳೆ ಎಸಳು, ನಡುವೆ ಹಳದಿ ಮೂಗು.
ನಡುಬೇಸಿಗೆಯ ಹಬ್ಬಕ್ಕೆ ಕಿರೀಟ ಹೆಣೆಯುವಾಗ
ಊರೆಲ್ಲ ಸೇವಂತಿ, ಗರಿಕೆ, ಓಕ್ ಎಲೆ ಹುಡುಕಿದರೆ
ನಾನೊಬ್ಬಳೇ ಆ ಹೂ ಕಿತ್ತು ಮುಡಿದೆ.
ಅಮ್ಮ ಬೈಯಲಿಲ್ಲ.
ಸಾಲಿಗೆ ಹೋಗಿ ಗಿಡ ಎಣಿಸಿ ಬಂದಳು.

ಕಳೆದ ಭಾನುವಾರ ತಡೆಯಲಾರದೆ ಹೋದೆ,
ಚೀಲದಲ್ಲೊಂದು ಚಮಚ ಇಟ್ಟುಕೊಂಡು.
ಚದುರಂಗ ಹೂವಿನ ಗಡ್ಡೆ ಹೂತ ಜಾಗ ನೆನಪಿತ್ತು:
ಬೇಲಿಯಿಂದ ಮೂರು ಗೇಣು, ಒಡೆದ ಮಗ್ಗಿನ ಬಲಕ್ಕೆ.
ಹಿಮ ಕೆರೆದೆ, ಮಣ್ಣು ಕೆರೆದೆ,
ಇನ್ನೊಂಚೂರು, ಇನ್ನೊಂಚೂರು...
ಉಗುರಿನಷ್ಟು ಮೊಳಕೆ.
ನಾನು ಕಂಡಿದ್ದು
ಚಮಚ ಅದನ್ನು ಕತ್ತರಿಸಿದ ಮೇಲೆ.

ಅಲ್ಲೇ ಇಟ್ಟೆ. ಮಣ್ಣು ಮುಚ್ಚಿದೆ, ಮೇಲೆ ಹಿಮ ಎಳೆದೆ,
ಎದ್ದ ಮಗುವಿಗೆ ಮತ್ತೆ ಹೊದಿಕೆ ಎಳೆದ ಹಾಗೆ.
ತಲೆಯೆತ್ತಿದರೆ ಪೊದೆಯಾಚೆ ವೆಲ್ಟಾ
ಒಣಗಿಲ್ಲದ ಕಡ್ಡಿಯನ್ನು ಕತ್ತರಿಸುತ್ತಿದ್ದಳು,
ಬಹಳ ಗಮನವಿಟ್ಟು.

ಈ ಸಲದ ನೀಲಿ ಗಸಗಸೆ ಫ್ರಿಜ್ಜಿನಲ್ಲಿದೆ.
ಜಾಮ್ ಬಾಟಲಿಯಲ್ಲಿ ಒದ್ದೆ ಮರಳು, ಮರಳಲ್ಲಿ ಬೀಜ,
ಉಪ್ಪಿಗೆ ಹಾಕಿದ ಸೌತೆಕಾಯಿಯ ಹಿಂದೆ,
ಇಂದುಲಿಸನ ಹೆರಿಂಗ್ ಮೀನಿನ ಪಕ್ಕ.
ಆರು ವಾರ ಚಳಿ ತಿನ್ನದೆ ಏಳುವುದಿಲ್ಲವಂತೆ.
ಹೊರಗಿನ ಚಳಿಗಾಲಕ್ಕೆ ಹಿಡಿಶಾಪ ಹಾಕುತ್ತೇನೆ,
ಒಳಗಿನದಕ್ಕೆ ಕರೆಂಟ್ ಬಿಲ್ಲು ಕಟ್ಟುತ್ತೇನೆ.

ರಾತ್ರಿ ಎದ್ದು ಬಾಗಿಲು ತೆರೆಯುತ್ತೇನೆ.
ದೀಪ ಹತ್ತುತ್ತದೆ. ಮರಳು ಮರಳೇ.
ಮಲಗಿದಲ್ಲಿಂದ ಇಂದುಲಿಸ್:
ಮುಚ್ಚೇ. ಬೆಳಗಾಯಿತೆಂದುಕೊಂಡಾವು.

ಮುಚ್ಚುತ್ತೇನೆ.
ಒಳಗೆ ದೀಪ ಆರಿತೋ ಇಲ್ಲವೋ
ನೋಡಲು ಮತ್ತೆ ತೆರೆಯಬೇಕು.
ಕತ್ತಲಲ್ಲಿ, ಹಿಡಿಕೆಯ ಮೇಲೆ ಕೈ ಇಟ್ಟು, ನಿಂತಿರುತ್ತೇನೆ.
ನಾಲ್ಕೂವರೆಗೆ ಮೊದಲ ಟ್ರಾಮು.